ಕೀಲೆಣ್ಣೆ

ಗಿರಣಿ ಮುಚ್ಚಿದ ದಿನ ಬಾಕಿ ಪಗಾರ ಸಿಗಲಿಲ್ಲ.
ಅಪ್ಪ ಅಂಗಿಯೊಳಗೆ ಬಚ್ಚಿಟ್ಟು ತಂದದ್ದು
ಇದೊಂದೇ: ತಗಡಿನ ಎಣ್ಣೆಗಿಂಡಿ.
ಕೊಕ್ಕರೆಯ ಕೊರಳು, ಅಂಗೈಯಷ್ಟು ಹೊಟ್ಟೆ,
ತಳವನ್ನು ಹೆಬ್ಬೆರಳಲ್ಲಿ ಒತ್ತಿದರೆ ಟಕ್,
ಬಿಟ್ಟರೆ ಟಕ್.
ಮೂಗಿನ ತುದಿಗೆ ಬಂದ ಹನಿ
ಬೀಳಲೋ ಬೇಡವೋ ಎಂದು ಗಳಿಗೆ ಹೊತ್ತು ನಿಂತು
ಆಮೇಲೆ ಬೀಳುವುದು.

ಅವ್ವ ಅಂದಳು, "ಎಲ್ಲಾರೂ ತಾಮ್ರದ ತಂತಿ ತಂದಾರ,
ನೀ ತಂದಿದ್ದು ಇದ?"
ಸಿದರಾಯ ಬಿರಾದಾರ, ಲೂಮ್ ಖಾತೆಯ ಎಣ್ಣೆಯವ,
ಹಾಜರಿ ನಂಬರು ನಾನೂರ ಹದಿನೇಳು,
ಕೇಳಿಸದವನಂತೆ ಗೋಡೆಯ ಮೊಳೆಗೆ ಅದನ್ನು ತೂಗುಹಾಕಿದ.
ನಿಜಕ್ಕೂ ಕೇಳಿಸಿರಲಿಲ್ಲ.

ಇಪ್ಪತ್ತಾರು ವರ್ಷ ಮಗ್ಗಗಳ ನಡುವೆ ಅಡ್ಡಾಡಿದ ಕಿವಿ.
ಯಾವ ಬೇರಿಂಗು ಒಣಗಿದೆ ಎಂದು ತಿಳಿಯಲು
ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕಿಟ್ಟು
ಹಿಡಿಯನ್ನು ಹಲ್ಲಲ್ಲಿ ಕಚ್ಚುತ್ತಿದ್ದನಂತೆ.
"ಕಿವಿ ಸುಳ್ಳು ಹೇಳ್ತದ, ಎಲುಬು ಹೇಳೂದಿಲ್ಲ."

ಆಮೇಲೆ ಲಾಲಬಾಗಿನ ನಮ್ಮ ಚಾಳಿಗೇ ಅವನು ಎಣ್ಣೆಯವನಾದ.
ಯಾರೂ ಕರೆಯುತ್ತಿರಲಿಲ್ಲ, ಹೋಗುತ್ತಿದ್ದ.
ಸುಲಭಾ ಬಾಯಿಯ ಹೊಲಿಗೆ ಯಂತ್ರಕ್ಕೆ ಏಳು ತೂತು, ಏಳು ಹನಿ,
ಎಂಟನೆಯದು ಬಿದ್ದರೆ ಯಾರದೋ ರವಿಕೆಗೆ ಕಲೆ.
ಎರಡನೇ ಮಾಳಿಗೆಯ ಸಂಡಾಸಿನ ಚಿಲಕ,
ಹಿಟ್ಟಿನ ಗಿರಣಿಯ ಪಟ್ಟಿಗಾಲಿ, ತೊಟ್ಟಿಲ ಕೊಂಡಿ,
ಬ್ಯಾಂಡಿನ ಘಾಣೇಕರನ ಕ್ಲಾರಿನೆಟ್ಟು,
ಅದಕ್ಕೆ ಬೇರೆ ಎಣ್ಣೆ ಬೇಕೆಂದು ಆತ ಬೈದ,
ಬೈದದ್ದೂ ಕೇಳಿಸಲಿಲ್ಲ.
ದುಡ್ಡು ಕೊಟ್ಟರೆ ಬೇಡ. ಚಹಾ ಕೊಟ್ಟರೆ
ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿದು
ಅಂಗಿಯ ಚುಂಗಿನಿಂದ ಮೊದಲು ಗಿಂಡಿಯ ಮೂಗು,
ಆಮೇಲೆ ತನ್ನ ಮೀಸೆ ಒರೆಸುತ್ತಿದ್ದ.

ನಮ್ಮ ಬಾಗಿಲೊಂದು ಮಾತ್ರ ಕಿರುಗುಟ್ಟುತ್ತಿತ್ತು,
ಆಚೆ ಮೂರು ಖೋಲಿಗೆ ಕೇಳುವ ಹಾಗೆ.
ಗೆಳತಿಯರು ನಗುತ್ತಿದ್ದರು:
ಎಣ್ಣೆಯವನ ಮನೆಯ ಬಾಗಿಲು!

ಅಣ್ಣ ಮಾಳಿಂಗ ಭಾವುಚಾ ಧಕ್ಕೆಯಲ್ಲಿ
ಮೀನುದೋಣಿಗಳಿಗೆ ಬರ್ಫ ಒಡೆಯುತ್ತಿದ್ದ.
ರಾತ್ರಿ ಎರಡಕ್ಕೋ ನಾಲ್ಕಕ್ಕೋ,
ಅವನು ಬರುವ ಹೊತ್ತು ಕಡಲಿನ ಏರಿಳಿತಕ್ಕೆ ಬಿಟ್ಟದ್ದು.
ಅವ್ವ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವಳು.
ಅಪ್ಪ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಮಲಗುವವನು.
ಒಣ ಬಿಜಾಗರಿ ಕಿರುಗಿದಾಗ
ಅದು ಕಟ್ಟಿಗೆಯೊಳಗಿಂದ ಅವನ ಬುರುಡೆಗೆ ಇಳಿಯುತ್ತಿತ್ತು.
ಕಣ್ಣು ತೆರೆಯದೆ "ಬಂದ" ಎನ್ನುತ್ತಿದ್ದ.
ಆಗ ಅವ್ವ ಮಲಗುತ್ತಿದ್ದಳು.
ಇದು ನನಗೆ ತಿಳಿದದ್ದು ತಡವಾಗಿ.

ಅವನನ್ನು ಮಣ್ಣು ಮಾಡಿ ಬಂದ ವಾರಕ್ಕೆ
ಸುಲಭಾ ಬಾಯಿ, ತಾನೂ ಏನಾದರೂ ಮಾಡಬೇಕಲ್ಲ ಎಂದು,
ಮೊಳೆಯಿಂದ ಗಿಂಡಿ ಇಳಿಸಿ
ನಮ್ಮ ಬಾಗಿಲ ಮೂರೂ ಕೀಲಿಗೆ ಧಾರಾಳವಾಗಿ ಬಿಟ್ಟಳು.
ಟಕ್ ಟಕ್ ಟಕ್. ಅಳುತ್ತ.

ಆ ರಾತ್ರಿ ಬಾಗಿಲು ಬೆಣ್ಣೆಯಂತೆ ತೆರೆದಿರಬೇಕು.
ಬೆಳಕು ಹರಿದಾಗ ಚೌಕಟ್ಟಿನ ಬಳಿ, ಅಪ್ಪನ ಜಾಗದಲ್ಲಿ,
ಕೌದಿ ಹೊದ್ದು ಮಲಗಿದ ಗಂಡಸನ್ನು ಕಂಡು
ಅವ್ವ ಚೀರಿದ್ದು
ಕೆಳಗೆ ಹಾಲಿನವನಿಗೂ ಕೇಳಿತು.
ಮಾಳಿಂಗ ಎದ್ದು ಕೂತ, ಮೈತುಂಬ ಬಾಂಗಡೆಯ ವಾಸನೆ:
"ನಾನ, ಅವ್ವಾ, ನಾನ."

ಅವತ್ತೇ ಅವಳು ಚಿಂದಿ, ಬೂದಿ, ಒಂದು ಬಟ್ಟಲು ಸೀಮೆಎಣ್ಣೆ,
ಅಪ್ಪನ ಹಲ್ಲುಜ್ಜುವ ಬ್ರಶ್ಶು ಹಿಡಿದು
ಬಿಜಾಗರಿ ತಿಕ್ಕಲು ಕೂತಳು.
ಸುಲಭಾ ಬಾಯಿ ನೋಡಿದಳು, ಏನೂ ಕೇಳಲಿಲ್ಲ,
ಒಳಗೆ ಹೋಗಿ ಇನ್ನೊಂದಿಷ್ಟು ಚಿಂದಿ ತಂದುಕೊಟ್ಟಳು.
ಎಷ್ಟು ತಿಕ್ಕಿದರೂ ಬಾಗಿಲು ಬಾಯಿ ಬಿಡದು.
ಮಾರ್ಚ್ ಹೋಯಿತು. ಮೇ ಹೋಯಿತು.

ಜುಲೈಯಲ್ಲಿ ಗಾಳಿ ಉಪ್ಪು ಹೊತ್ತು ಓಣಿಗೆ ನುಗ್ಗಿದ ಮೇಲೆ
ಒಂದು ರಾತ್ರಿ, ಮೂರೂವರೆ ಇರಬೇಕು,
ಕಿರ್ರ್.

ಕತ್ತಲಲ್ಲಿ ಅವ್ವ ಮಗ್ಗುಲು ಬದಲಿಸಿದಳು.